ಗುಂಡಿ ಒತ್ತುವ ಮೊದಲೇ ಮೂಡಿದ ಚಿತ್ರ

ಮಾನ್ಯರೇ,

ಕಳೆದ ಸಂಚಿಕೆಯ ಮುಖಪುಟದಲ್ಲಿ ಅಚ್ಚಾದ ರಂಗನತಿಟ್ಟಿನ ಚಿತ್ರ, ಅಂದರೆ ರೀವ ಹಕ್ಕಿಯೊಂದು ಕಾವೇರಿಯಿಂದ ಮೀನು ಕಚ್ಚಿಕೊಂಡು ಮೇಲೇಳುತ್ತಿರುವ ಚಿತ್ರ, ಗುಂಡಿ ಒತ್ತುವುದಕ್ಕೂ ಮೊದಲೇ ಕ್ಯಾಮೆರಾದಲ್ಲಿ ಮೂಡಿದ್ದೆಂದು ಒಳಪುಟದಲ್ಲಿ ಓದಿ, "ಹಾಗಾದರೆ ಅದನ್ನು ತೆಗೆದವರು ಯಾರು, ಆ ಹೆಣ್ಣುಮಗಳೋ ಯಂತ್ರವೋ?" ಎಂದು ತಾವು ಕೇಳಿದ್ದೀರಿ. ಮಂಡ್ಯದಲ್ಲಿ ಮೂವತ್ತು ವರ್ಷ ಸ್ಟುಡಿಯೊ ನಡೆಸಿದವರ ಪ್ರಶ್ನೆಗೆ ಎರಡು ಸಾಲಿನ ಉತ್ತರ ಸಾಲದು.

ಈಗಿನ ಕೆಲವು ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾಗಳಲ್ಲಿ ಗುಂಡಿಯನ್ನು ಅರ್ಧ ಒತ್ತಿ ಹಿಡಿದರೆ ಚಿತ್ರಗಳು ಒಂದರ ಹಿಂದೊಂದು ಒಳಗಿನ ಮೆಮೊರಿಗೆ ಬರುತ್ತಿರುತ್ತವೆ, ಹಳೆಯವು ಅಳಿಯುತ್ತಿರುತ್ತವೆ. ಪೂರ್ತಿ ಒತ್ತಿದಾಗ ಅದಕ್ಕೂ ಹಿಂದಿನ ಕೆಲವು ಚಿತ್ರಗಳೂ ಕಾರ್ಡಿಗೆ ಇಳಿಯುತ್ತವೆ. 2016ರಲ್ಲಿ ಒಲಿಂಪಸ್ ಕಂಪನಿಯ ಕ್ಯಾಮೆರಾವೊಂದು ಹೀಗೆ 14 ಚಿತ್ರಗಳನ್ನು ಉಳಿಸಿಕೊಳ್ಳುತ್ತಿತ್ತು. ಕಣ್ಣಿಗೆ ಕಂಡದ್ದು ಬೆರಳಿಗೆ ತಲುಪಲು ಸುಮಾರು ಕಾಲು ಸೆಕೆಂಡು ಬೇಕು. ಸೆಕೆಂಡಿಗೆ 30 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಅಷ್ಟರಲ್ಲಿ ಏಳು ಚಿತ್ರ ದಾಟಿರುತ್ತವೆ. ಹಕ್ಕಿ ಏಳುವ ಮುನ್ನವೇ ಅಂದಾಜಿನ ಮೇಲೆ ಒತ್ತುವುದು ತಮ್ಮ ಕಾಲದ ಕೈಚಳಕವಾಗಿತ್ತು. ಅದನ್ನು ಯಂತ್ರ ಕಿತ್ತುಕೊಂಡಿದೆ, ಹಕ್ಕಿಯ ಕಣ್ಣನ್ನು ಗುರುತಿಸಿ ಫೋಕಸ್ ಮಾಡುವ ಕೆಲಸವನ್ನೂ ಅದೇ ವಹಿಸಿಕೊಂಡಿದೆ. ಇದನ್ನು ನಷ್ಟವೆಂದು ತಾವು ಕರೆದರೆ ನಾನು ವಾದಿಸುವುದಿಲ್ಲ.

ಆದರೂ ಚಿತ್ರ ತೆಗೆದ ಆಕೆ ಏನು ಮಾಡಿದರೆಂದು ಕೇಳಿ. ರೀವ ಮೀನಿಗೆ ಎರಗುವ ಮೊದಲು ಕೊಕ್ಕನ್ನು ಕೆಳಗೆ ಮಾಡಿ ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುತ್ತದೆ. ಅದನ್ನು ಅರಿತಿದ್ದರಿಂದಲೇ ಅವರು ಸರಿಯಾದ ಗಳಿಗೆಯಲ್ಲಿ ಗುಂಡಿಯನ್ನು ಅರ್ಧ ಒತ್ತಿ ಕಾದರು. ಬಂಡೆಯ ಮೇಲೆ ಗೂಡಿದ್ದುದರಿಂದ ದೋಣಿಯನ್ನು ದೂರದಲ್ಲೇ ನಿಲ್ಲಿಸಲು ಅಂಬಿಗರನ್ನು ಕೇಳಿಕೊಂಡರು. ಬೆಳಗಿನ ಬಿಸಿಲು ಬೆನ್ನಿಗೆ ಬರುವ ಜಾಗವನ್ನು ಆರಿಸಿದ್ದೂ ಅವರೇ. ಆ ದಿನ ತೆಗೆದ ಚಿತ್ರಗಳು 3,000. ತಮ್ಮ ಲೆಕ್ಕದಲ್ಲಿ 36 ಚಿತ್ರದ ಫಿಲ್ಮ್ ರೋಲು 83 ಮುಗಿದು ಇನ್ನೊಂದಕ್ಕೆ ಕೈ ಹಾಕಿದಂತೆ. ಅವುಗಳಲ್ಲಿ ಒಂದನ್ನು ಆರಿಸಲು ಎರಡು ರಾತ್ರಿ ಕುಳಿತರು. ಆ ಚಿತ್ರ ಅವರದೇ, ಅವರ ಹೆಸರಿನಲ್ಲೇ ಉಳಿಯುತ್ತದೆ.

ನನ್ನ ಅಳುಕು ಬೇರೆ ಕಡೆ ಇದೆ. ಫೋನಿನ ನೈಟ್ ಮೋಡ್ ಹಲವು ಚಿತ್ರಗಳನ್ನು ಒಂದಾಗಿ ಬೆಸೆದು ದಸರೆಯ ಅರಮನೆಯನ್ನು ಕಣ್ಣಿಗೆ ಕಂಡದ್ದಕ್ಕಿಂತ ಬೆಳ್ಳಗೆ ತೋರಿಸಿದರೂ ಅದರಲ್ಲಿರುವುದು ಅಲ್ಲಿದ್ದ ಬೆಳಕೇ. ತಾವು ನೆಗೆಟಿವ್ ಮೇಲೆ ಪೆನ್ಸಿಲಿನಿಂದ ಟಚಿಂಗ್ ಮಾಡಿ ಮದುಮಗಳ ಮುಖದ ಕಲೆ ಮರೆಸುತ್ತಿದ್ದಾಗಲೂ ಎದುರಿಗೆ ಮದುಮಗಳು ಕುಳಿತಿದ್ದಳು. ಈಗ ಹಿಡಿಯದ ಮೀನನ್ನು ಹಕ್ಕಿಯ ಕೊಕ್ಕಿಗೆ ಸೇರಿಸುವ ತಂತ್ರಾಂಶ ಯಾರ ಕೈಗಾದರೂ ಸಿಗುತ್ತದೆ. ಚಿತ್ರ ಎಲ್ಲಿ ಹುಟ್ಟಿತು, ಅದನ್ನು ಏನು ಮಾಡಲಾಯಿತು ಎಂಬ ವಿವರಕ್ಕೆ ಡಿಜಿಟಲ್ ಮುದ್ರೆ ಹಾಕುವ ಕ್ಯಾಮೆರಾವನ್ನು ಲೈಕಾ ಕಂಪನಿ 2023ರಲ್ಲಿ ತಂದಿತು, ಆದರೆ ನಮ್ಮ ಓದುಗರಲ್ಲಿ ಅಂಥದ್ದು ಎಷ್ಟು ಮಂದಿಯ ಬಳಿ ಇದ್ದೀತು? ಆದ್ದರಿಂದ ನಾವು ಮುಖಪುಟಕ್ಕೆ ಆರಿಸಿದ ಪ್ರತಿ ಚಿತ್ರದ ರಾ ಫೈಲನ್ನೂ, ಅಂದರೆ ಕ್ಯಾಮೆರಾ ದಾಖಲಿಸಿದ ತಿದ್ದದ ಮೂಲವನ್ನೂ, ಅದರ ಹಿಂದುಮುಂದಿನ ಚಿತ್ರಗಳನ್ನೂ ತರಿಸಿ ನೋಡುತ್ತೇವೆ. ರೀವದ ಸರಣಿಯಲ್ಲಿ ನೀರು ಸೀಳುವುದರಿಂದ ಹನಿ ಕೊಡವುವವರೆಗೆ ಎಲ್ಲವೂ ಇತ್ತು.

ಕೊಕ್ಕರೆ ಬೆಳ್ಳೂರಿನ ಹುಣಸೆ ಮರದ ಹೆಜ್ಜಾರ್ಲೆಯನ್ನು ಒಂದೇ ರೋಲಿನಲ್ಲಿ ಹಿಡಿದದ್ದಾಗಿ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಆ ನೆಗೆಟಿವ್ ಈಗಲೂ ಇದ್ದರೆ ದಯವಿಟ್ಟು ಇಡೀ ಪಟ್ಟಿಯನ್ನು ಕಳುಹಿಸಿಕೊಡಿ. ಕೆಟ್ಟ ಚಿತ್ರಗಳನ್ನೂ ಬಿಡದೆ ಪೂರ್ತಿ ಒಂದು ಪುಟದಲ್ಲಿ ಅಚ್ಚು ಹಾಕುತ್ತೇವೆ.

ತಮ್ಮ ವಿಶ್ವಾಸಿ,
ಸಂಪಾದಕ, ಮೈಸೂರು