ಡಯಾಪರ್ ವಾಸನೆ ಹೋಗ್ತಿಲ್ಲ, ಏನ್ಮಾಡ್ಲಿ?

ಪ್ರಶ್ನೆ: ಮಗೂಗೆ ಎಂಟು ತಿಂಗ್ಳು, ಬಟ್ಟೆ ಡಯಾಪರ್ ಎಷ್ಟು ಒಗೆದ್ರೂ ಉಚ್ಚೆ ವಾಸ್ನೆ ಹೋಗ್ತಿಲ್ಲ ಮೇಡಂ, ಈಗ ಲೀಕ್ ಬೇರೆ. ಘಮ ಬರ್ಲಿ ಅಂತ ಸಾಫ್ಟ್‌ನರ್ ಹಾಕ್ತೀನಿ, ನಮ್ದು ಬೋರ್‌ವೆಲ್ ನೀರು.
– ಓದುಗರು, ಕೋಲಾರ

ಉತ್ತರ: ಮೊದ್ಲು ಆ ಸಾಫ್ಟ್‌ನರ್ ನಿಲ್ಸಿಬಿಡಿ ಕಣಮ್ಮ, ಅದು ಬಟ್ಟೆ ಮೇಲೆ ಜಿಡ್ಡಿನ ಪದರ ಕಟ್ಟುತ್ತೆ, ಡಯಾಪರ್ ಒಳಗಿಡೋ ಬಟ್ಟೆ ಪ್ಯಾಡ್ ಉಚ್ಚೇನ ಸರಿಯಾಗಿ ಹೀರಲ್ಲ, ಲೀಕ್ ಆಗ್ದೆ ಇನ್ನೇನಾಗುತ್ತೆ! ಬೋರ್ ನೀರು ಗಡಸಾಗಿದ್ರೆ ಬಾರ್ ಸೋಪ್ ನೊರೆ ಬರಲ್ಲ, ಅದರ ಕಿಟ್ಟ ಬಟ್ಟೇಲೇ ಉಳಿಯುತ್ತೆ, ಡಿಟರ್ಜೆಂಟ್ ಪೌಡರ್ ಹಾಕಿ, ಜಿಪುಣತನ ಬೇಡ. ಮೊದ್ಲು ಬರೀ ತಣ್ಣೀರಲ್ಲಿ ಜಾಲಿಸಿ, ಆಮೇಲೆ ಪ್ಯಾಡ್‌ನ ಬಿಸಿನೀರಲ್ಲಿ ಒಗೆದು ನೊರೆ ಪೂರ್ತಿ ಹೋಗೋವರ್ಗೂ ಮತ್ತೆ ಜಾಲಿಸಿ ಬಿಸಿಲಿಗೆ ಹಾಕಿ. ವಾಟರ್‌ಪ್ರೂಫ್ ಕವರ್‌ನ ಮಾತ್ರ ಕುದಿಸ್ಬೇಡಿ, ಇಸ್ತ್ರಿನೂ ಬೇಡ, ಒಳಗಿನ ಲ್ಯಾಮಿನೇಷನ್, ಅಂದ್ರೆ ನೀರು ತಡೆಯೋ ಪದರ, ಕಿತ್ಕೊಳ್ಳುತ್ತೆ, ಅದನ್ನ ನೆರಳಲ್ಲೇ ಒಣಗ್ಸಿ.