ಓದುಗರ ಪ್ರಶ್ನೆಗೆ ಉತ್ತರ: ನಲವತ್ತೆರಡರಲ್ಲಿ ಕಾಳಗಕ್ಕೆ ಹಾರಿದವರು

ಪ್ರಶ್ನೆ: ನಮ್ಮ ತಂದೆಯವರಿಗೆ ಈಗ 62 ವರ್ಷ. ಬಹುಕಾಲ ಮೀನುಗಾರಿಕೆ ಬೋಟಿನ ತಾಂಡೇಲರಾಗಿದ್ದವರು. ಮನೆಯವರೆಲ್ಲ ಬೇಡವೆಂದರೂ ಆಳಸಮುದ್ರಕ್ಕೆ ಹೋಗುವುದನ್ನು ಬಿಟ್ಟಿಲ್ಲ. ಟಾಗೋರ್ ಕಡಲತೀರದಲ್ಲಿ ಇರಿಸಿರುವ ಟುಪೊಲೆವ್ ವಿಮಾನ ನೋಡಲು ಅವರೊಂದಿಗೆ ಹೋಗಿದ್ದಾಗ, ನೌಕಾಪಡೆಯಿಂದ ನಿವೃತ್ತರಾದ ಹಿರಿಯರೊಬ್ಬರು, ಎರಡನೆಯ ಮಹಾಯುದ್ಧದಲ್ಲಿ ನಡುವಯಸ್ಸಿನ ಅಮೆರಿಕನ್ನರೊಬ್ಬರು ಸಮವಸ್ತ್ರದ ಅಧಿಕಾರವಿಲ್ಲದೆಯೇ ಹಠ ಹಿಡಿದು ಯುದ್ಧವಿಮಾನ ಹಾರಿಸಿದರೆಂದೂ, ತರುಣ ಪೈಲಟ್‌ಗಳಿಗೆ ಇಂಧನ ಉಳಿಸುವುದನ್ನು ಕಲಿಸಿದರೆಂದೂ ಹೇಳಿದರು. ಅಂದಿನಿಂದ ತಂದೆಯವರ ಬಾಯಲ್ಲಿ ಅದೇ ಮಾತು. ಇದು ನಿಜವೇ?
– ಓದುಗರು, ಬೈತಖೋಲ, ಕಾರವಾರ

ಉತ್ತರ: ನಿಜ. ಆ ಹಿರಿಯರು ಹೇಳಿದ್ದು ಚಾರ್ಲ್ಸ್ ಲಿಂಡ್‌ಬರ್ಗ್ ಅವರ ವಿಷಯ. 1927ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ, ನಡುವೆ ಎಲ್ಲಿಯೂ ಇಳಿಯದೆ, ಒಬ್ಬರೇ 33 ಗಂಟೆ 30 ನಿಮಿಷ ಹಾರಿದವರು ಇವರೇ. 1944ರಲ್ಲಿ ವಿಮಾನ ತಯಾರಿಕಾ ಕಂಪನಿಯೊಂದರ ತಾಂತ್ರಿಕ ಪ್ರತಿನಿಧಿಯಾಗಿ ಪೆಸಿಫಿಕ್ ರಣರಂಗಕ್ಕೆ ಹೋದಾಗ ಅವರಿಗೆ 42 ವರ್ಷ. ಜೊತೆಗೆ ಹಾರುತ್ತಿದ್ದವರಲ್ಲಿ ಹೆಚ್ಚಿನವರು ಇಪ್ಪತ್ತರ ಹರೆಯದವರು. ವಿಮಾನಗಳು ಯುದ್ಧದಲ್ಲಿ ಹೇಗೆ ನಡೆಯುತ್ತವೆಂದು ನೋಡುವುದಷ್ಟೇ ಅವರ ಕೆಲಸವಾಗಿತ್ತು. ಆದರೆ ಕಾಳಗದಲ್ಲಿ ತಾನೇ ಹಾರದೆ ವಿಮಾನದ ಗುಣದೋಷ ತಿಳಿಯುವುದಿಲ್ಲವೆಂದು ಪಟ್ಟು ಹಿಡಿದು, ಮೊದಲು ಮರೀನ್ ಪಡೆಯ ಕೋರ್ಸೇರ್ ವಿಮಾನಗಳಲ್ಲಿ, ಆಮೇಲೆ ನ್ಯೂಗಿನಿಯಲ್ಲಿ ಎರಡು ಎಂಜಿನ್ನಿನ ಪಿ-38 ವಿಮಾನಗಳಲ್ಲಿ ಅವರು ಒಟ್ಟು ಸುಮಾರು 50 ಯುದ್ಧ ಹಾರಾಟಗಳನ್ನು ಮಾಡಿದರು. ನಾಗರಿಕರೊಬ್ಬರು ಹೀಗೆ ಆಯುಧ ಹಿಡಿದು ಶತ್ರುವಿನ ಕೈಗೆ ಸಿಕ್ಕಿದ್ದರೆ ಯುದ್ಧಕೈದಿಗೆ ಸಿಗುವ ರಕ್ಷಣೆಯೂ ಅವರಿಗೆ ಸಿಗುವುದು ಕಷ್ಟವಿತ್ತು.

ಇಂಧನದ ಸಂಗತಿ ನಿಮ್ಮ ತಂದೆಯವರಿಗೆ ತಟ್ಟನೆ ತಿಳಿಯುತ್ತದೆ. ಒಂದೇ ಹಾರಾಟದಿಂದ ಮರಳಿದ ವಿಮಾನಗಳಲ್ಲಿ ಲಿಂಡ್‌ಬರ್ಗ್ ಅವರ ಟ್ಯಾಂಕಿನಲ್ಲಿ ಮಾತ್ರ ಪ್ರತಿಸಲವೂ ಹೆಚ್ಚು ಪೆಟ್ರೋಲ್ ಉಳಿದಿರುವುದನ್ನು ಮೊದಲು ಗಮನಿಸಿದವರು ನೆಲದ ಮೇಲೆ ವಿಮಾನ ನೋಡಿಕೊಳ್ಳುವ ಮೆಕ್ಯಾನಿಕ್‌ಗಳು. ಕೇಳಿದಾಗ ಅವರು ತಮ್ಮ ಕ್ರಮವನ್ನು ವಿವರಿಸಿದರು: ಶತ್ರುವಿಲ್ಲದ ದಾರಿಯಲ್ಲಿ ಎಂಜಿನ್ನಿನ ಸುತ್ತನ್ನು ನಿಮಿಷಕ್ಕೆ 1,600ಕ್ಕೆ ಇಳಿಸಬೇಕು, ಗಾಳಿಯೊಡನೆ ಬೆರೆಯುವ ಪೆಟ್ರೋಲಿನ ಪ್ರಮಾಣವನ್ನು ತಗ್ಗಿಸಬೇಕು, ಎಂಜಿನ್ನಿನೊಳಗೆ ಹೋಗುವ ಗಾಳಿಯ ಒತ್ತಡವನ್ನು ಮಾತ್ರ ಹೆಚ್ಚಿಸಬೇಕು. ಸುತ್ತು ಕಡಿಮೆಯಾದಷ್ಟೂ ಎಂಜಿನ್ನಿನೊಳಗೆ ಘರ್ಷಣೆಯಲ್ಲಿ ವ್ಯರ್ಥವಾಗುವ ಶಕ್ತಿ ಕಡಿಮೆಯಾಗುತ್ತದೆ. ತರುಣರು ಇದನ್ನು ಕೇಳಿ ಅಂಜಿದ್ದರಲ್ಲಿ ತಪ್ಪಿಲ್ಲ. ತುಂಬಿದ ಲಾರಿಯನ್ನು ಟಾಪ್ ಗೇರಿನಲ್ಲೇ ದೇವಿಮನೆ ಘಟ್ಟ ಹತ್ತಿಸಿದರೆ ಎಂಜಿನ್ ಹೊಡೆದುಕೊಳ್ಳುವಂತೆ ಇಲ್ಲಿಯೂ ಆದೀತೆಂಬುದು ಅವರ ಭಯ. ಆದರೆ ಒಂದೇ ಎತ್ತರದಲ್ಲಿ ಹದವಾದ ವೇಗದಲ್ಲಿ ಸಾಗುವುದು ಘಟ್ಟದ ದಾರಿಯಲ್ಲ, ಅಂಕೋಲೆಯ ಆಚೆಯ ಸಪಾಟು ಹೆದ್ದಾರಿ. ಬಂದರಿನಿಂದ ಮೀನಿನ ಜಾಗದವರೆಗೆ ಪೂರ್ತಿ ರೇಸ್ ಕೊಟ್ಟು ಓಡುವ ಬೋಟಿನಲ್ಲಿ ಡೀಸೆಲ್ ಎಷ್ಟು ಉಳಿಯುತ್ತದೆಂದು ತಾಂಡೇಲರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಕ್ರಮದಿಂದ ಪಿ-38 ವಿಮಾನಗಳು ಹೋಗಿಬರಬಲ್ಲ ದೂರ ನೂರಾರು ಮೈಲಿ ಹೆಚ್ಚಿತು. ಅದುವರೆಗೆ ಕೈಗೆಟುಕದ ಜಪಾನೀ ನೆಲೆಗಳು ಎಟುಕಿದವು.

1944ರ ಜುಲೈ 28ರಂದು ಸೆರಾಮ್ ದ್ವೀಪದ ಬಳಿ ಎದುರಿನಿಂದಲೇ ನುಗ್ಗಿಬಂದ ಜಪಾನೀ ವಿಮಾನವೊಂದನ್ನು ಅವರು ಹೊಡೆದುರುಳಿಸಿದರು. ಎರಡೂ ವಿಮಾನಗಳು ಡಿಕ್ಕಿಯಾಗುವುದು ಸ್ವಲ್ಪದರಲ್ಲಿ ತಪ್ಪಿತು. ಜನ ಹೆಚ್ಚಾಗಿ ನೆನೆಯುವುದು ಇದನ್ನೇ. ನನ್ನ ಎಣಿಕೆಯಲ್ಲಿ ಆ ಒಂದು ವಿಮಾನಕ್ಕಿಂತ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲಿನ ಬೆಲೆ ದೊಡ್ಡದು, ಏಕೆಂದರೆ ಗುಂಡು ಹೊಡೆಯಬಲ್ಲ ತರುಣರು ಅಲ್ಲಿ ಬೇಕಾದಷ್ಟಿದ್ದರು, ಸಾಗರದ ಮೇಲೆ ಒಬ್ಬಂಟಿಯಾಗಿ ಪೆಟ್ರೋಲಿನ ಲೆಕ್ಕ ಹಾಕುತ್ತ ರಾತ್ರಿ ಕಳೆದವರು ಮತ್ತೊಬ್ಬರಿರಲಿಲ್ಲ. ತಂದೆಯವರಿಗೆ ಇದನ್ನು ಓದಿ ಹೇಳುವಾಗ, ದಯವಿಟ್ಟು ಆಗಸ್ಟ್ 1ರ ಘಟನೆಯನ್ನೂ ಓದಿ ಹೇಳಿ. ಅಂದು ಪಲಾಉ ದ್ವೀಪಗಳ ಬಳಿ ಶತ್ರುವಿಮಾನವೊಂದು ಲಿಂಡ್‌ಬರ್ಗ್ ಅವರ ಬೆನ್ನಹಿಂದೆಯೇ ಬಂದು ಗುಂಡು ಹಾರಿಸತೊಡಗಿತ್ತು. ಜೊತೆಯ ಪೈಲಟ್‌ಗಳು ತಿರುಗಿ ಬಂದು ಅದನ್ನು ಓಡಿಸಿದ್ದರಿಂದ ಅವರು ಬದುಕಿದರು. ಹಿರಿಯರು ಸಮುದ್ರಕ್ಕೆ ಹೋಗಲೇಬೇಕೆಂದರೆ, ಅಂಥ ಜೊತೆಗಾರರಿರುವ ಬೋಟಿನಲ್ಲಿ ಹೋಗಲಿ.

ಪ್ರಶ್ನೆ: ಲಿಂಡ್‌ಬರ್ಗ್ ಅವರನ್ನು ಸೈನ್ಯಕ್ಕೆ ಸೇರಿಸಿಕೊಳ್ಳದಿರಲು ವಯಸ್ಸೇ ಕಾರಣವೇ? ಅವರ ಹುದ್ದೆ ಮುಂದೆ ಎಂದಾದರೂ ಮರಳಿ ಸಿಕ್ಕಿತೇ?
– ಓದುಗರು, ಶಿರಸಿ

ಉತ್ತರ: ವಯಸ್ಸಲ್ಲ, ರಾಜಕೀಯ. ಅಮೆರಿಕ ಯುದ್ಧಕ್ಕಿಳಿಯಬಾರದೆಂದು ಊರೂರಿನಲ್ಲಿ ಭಾಷಣ ಮಾಡುತ್ತಿದ್ದ ಅವರು, ಅಧ್ಯಕ್ಷ ರೂಸ್‌ವೆಲ್ಟ್ ಅವರ ಕಟುಟೀಕೆಯಿಂದ ನೊಂದು 1941ರ ಏಪ್ರಿಲ್‌ನಲ್ಲಿ ಮೀಸಲು ಪಡೆಯ ಕರ್ನಲ್ ಹುದ್ದೆಗೆ ತಾವೇ ರಾಜೀನಾಮೆ ಕೊಟ್ಟಿದ್ದರು. ಅದೇ ಸೆಪ್ಟೆಂಬರ್‌ನಲ್ಲಿ ಡೆಮೊಯಿನ್ ನಗರದಲ್ಲಿ ಮಾತನಾಡುತ್ತ, ದೇಶವನ್ನು ಯುದ್ಧಕ್ಕೆ ತಳ್ಳುತ್ತಿರುವವರ ಸಾಲಿನಲ್ಲಿ ಯಹೂದಿಗಳನ್ನೂ ಹೆಸರಿಸಿದರು. ಆ ಮಾತು ಅನ್ಯಾಯದ್ದಾಗಿತ್ತು. ಮುಂದಿನ ಯಾವ ಹಾರಾಟವೂ ಅದನ್ನು ಅಳಿಸಲಾರದು. ಪರ್ಲ್ ಹಾರ್ಬರ್ ದಾಳಿಯ ನಂತರ ಸೇವೆಗೆ ಮರಳಲು ಅವರು ಕೇಳಿಕೊಂಡಾಗ ಸರ್ಕಾರ ಒಪ್ಪಲಿಲ್ಲ. ಕೊನೆಗೆ 1954ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರ ಕಾಲದಲ್ಲಿ, ವಾಯುಪಡೆಯ ಮೀಸಲು ಪಡೆಯಲ್ಲಿ ಅವರನ್ನು ಬ್ರಿಗೇಡಿಯರ್ ಜನರಲ್ ಆಗಿ ನೇಮಿಸಲಾಯಿತು. ಆಗ ಅವರಿಗೆ 52 ವರ್ಷ.