ಗಂಟಲು ಮೊದಲು, ತೀರ್ಮಾನ ಆಮೇಲೆ

ಪ್ರಶ್ನೆ: ಅಕ್ಕಾ, ನಾನು ಸೋಮವಾರಪೇಟೆ ಹತ್ತಿರದ ಹಳ್ಳಿಯವಳು. ವಯಸ್ಸು 27. ರಂಗಶಿಕ್ಷಣ ಮುಗಿಸಿ ನಾಲ್ಕು ವರ್ಷದಿಂದ ಊರೂರು ತಿರುಗುವ ಒಂದು ನಾಟಕ ತಂಡದಲ್ಲಿದ್ದೇನೆ. ನಟನೆ, ಹಾಡು ಎರಡೂ ನನ್ನ ಕೆಲಸ. ಮುಂದಿನ ತಿರುಗಾಟದ ನಾಟಕದಲ್ಲಿ ನನಗೆ ಮುಖ್ಯ ಪಾತ್ರ ಕೊಟ್ಟಿದ್ದಾರೆ. ಒಂಬತ್ತು ಹಾಡುಗಳಿವೆ. ಮಳೆಗಾಲದಲ್ಲಿ ತಾಲೀಮು ಶುರುವಾಗುತ್ತದೆ. ಮನೆಯಲ್ಲಿ ಮಾತ್ರ ಸಾಕು, ಬಂದುಬಿಡು ಅಂತಿದ್ದಾರೆ. ಮೂರು ಎಕರೆ ಕಾಫಿ ತೋಟ ಇದೆ. ಅಪ್ಪನಿಗೆ ವಯಸ್ಸಾಗಿದೆ, ಅಣ್ಣ ಬೆಂಗಳೂರಿನಲ್ಲಿದ್ದಾನೆ. ಮಡಿಕೇರಿಯ ಒಂದು ಖಾಸಗಿ ಶಾಲೆಯವರು ಸಂಗೀತ, ನಾಟಕ ಕಲಿಸುವ ಕೆಲಸ ಕೊಡುತ್ತೇವೆ ಅಂದಿದ್ದಾರೆ. ಈ ತಿಂಗಳ ಕೊನೆಯೊಳಗೆ ಹೇಳಬೇಕು. ಒಂದು ಸಂಬಂಧವೂ ಬಂದಿದೆ. 'ಮದುವೆ ಆದ್ಮೇಲೆ ನಾಟಕ ಬಿಡ್ತಾಳಲ್ವಾ?' ಅಂತ ಕೇಳಿದರಂತೆ. 'ನಲವತ್ತಾದ ಮೇಲೆ ನಿನ್ನನ್ನ ಯಾರು ಕರೀತಾರೆ?' ಅನ್ನುವುದು ಅಪ್ಪನ ಮಾತು. ನನ್ನ ಹತ್ತಿರ ಉತ್ತರ ಇಲ್ಲ. ಇನ್ನೊಂದು ವಿಷಯ. ಕಳೆದ ತಿರುಗಾಟ ಮುಗಿಯುವ ಹೊತ್ತಿಗೆ ಗಂಟಲು ಒಡೆದದ್ದು ಇನ್ನೂ ಸರಿಯಾಗಿಲ್ಲ. ಮೇಲಿನ ಸ್ವರಕ್ಕೆ ಹೋದರೆ ಬರೀ ಗಾಳಿ ಬರುತ್ತದೆ. ನಿರ್ದೇಶಕರಿಗೆ ಹೇಳಿಲ್ಲ. ಅಮ್ಮ ಮೆಣಸಿನ ಕಷಾಯ ಮಾಡಿಕೊಡುತ್ತಾರೆ. ನಾಟಕವೋ ಮನೆಯೋ, ನೀವೇ ಹೇಳಿ.

ಉತ್ತರ: ತಂಗೀ, ನಿಮ್ಮ ಪತ್ರದಲ್ಲಿ ತೋಟ, ಶಾಲೆ, ಸಂಬಂಧ, ಅಪ್ಪನ ಮಾತು ಎಲ್ಲವೂ ಮೊದಲು ಬಂದಿವೆ. ಗಂಟಲಿನ ವಿಷಯ ಕೊನೆಗೆ, ಮರೆತು ನೆನಪಾದ ಹಾಗೆ ಬಂದಿದೆ. ನಾನು ಮಾತ್ರ ಅಲ್ಲಿಂದಲೇ ಶುರು ಮಾಡುತ್ತೇನೆ. ನಿಮಗೆ ನಿದ್ದೆ ಬಾರದ ಹಾಗೆ ಮಾಡಿರುವುದು ಅದೇ ಅಂತ ನನಗನ್ನಿಸುತ್ತದೆ. ನಾಲ್ಕು ವರ್ಷ ಕಾದು ಸಿಕ್ಕ ಮುಖ್ಯ ಪಾತ್ರ. ಅದು ಸಿಕ್ಕ ಖುಷಿಯ ಒಂದು ಮಾತೂ ಪತ್ರದಲ್ಲಿಲ್ಲ. ಒಂಬತ್ತು ಹಾಡು ಅಂತ ಎಣಿಸಿ ಬರೆದಿದ್ದೀರಿ. ಆ ಎಣಿಕೆಯಲ್ಲಿ ಭಯ ಇದೆ.

ಮನೆಗೆ ಹೋಗಬೇಕು ಅನ್ನಿಸುವುದು ಬೇರೆ, ಹಾಡಲಾಗದೆ ಎಲ್ಲರೆದುರು ಸಿಕ್ಕಿಬಿದ್ದರೆ ಅನ್ನುವ ಹೆದರಿಕೆ ಬೇರೆ. ಈಗ ನಿಮ್ಮೊಳಗೆ ಎರಡೂ ಕಲಸಿಹೋಗಿವೆ. ಇವನ್ನು ಬಿಡಿಸುವ ತನಕ ನೀವು ಯಾವ ತೀರ್ಮಾನ ತೆಗೆದುಕೊಂಡರೂ ಅದು ನೋಯುತ್ತಿರುವ ಗಂಟಲಿನ ತೀರ್ಮಾನ ಆಗುತ್ತದೆ. ನಾಳೆ ದನಿ ಸರಿಹೋದಾಗ 'ಅಯ್ಯೋ' ಅನ್ನಿಸಬಾರದು.

ದನಿ ಒಡೆದು ಮೂರು ವಾರವಾದರೂ ಸರಿಹೋಗದಿದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸಲೇಬೇಕು. ನಿಮ್ಮದು ತಿಂಗಳುಗಳ ಲೆಕ್ಕಕ್ಕೆ ಬಂದಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಊರಿನವರು 'ಸ್ಪೀಚ್ ಅಂಡ್ ಹಿಯರಿಂಗ್' ಅನ್ನುವುದು ಅದಕ್ಕೇ. 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ಕಿವಿ ಕೇಳದವರಿಗೆ, ಮಾತು ಬಾರದ ಮಕ್ಕಳಿಗೆ ಮಾತ್ರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ದನಿಯ ತೊಂದರೆಗೂ ಅಲ್ಲಿ ತಪಾಸಣೆ, ಚಿಕಿತ್ಸೆ ಎರಡೂ ಇವೆ. ಕುಶಾಲನಗರಕ್ಕೆ ಇಳಿದರೆ ಅಲ್ಲಿಂದ ಮೈಸೂರಿಗೆ ಬಸ್ಸಿಗೇನೂ ಬರ ಇಲ್ಲ. ನಮ್ಮ ಜಿಲ್ಲೆಯ ಪಕ್ಕದಲ್ಲೇ ಇಂಥ ಜಾಗ ಇರುವಾಗ ಕಷಾಯ ಕುಡಿದುಕೊಂಡು ಕೂರಬೇಡಿ.

ಕಷಾಯದ ಬಗ್ಗೆ ಒಂದು ಮಾತು. ಅಮ್ಮನ ಮನಸ್ಸು ನೋಯಿಸಬೇಡಿ, ಕೊಟ್ಟರೆ ಕುಡಿಯಿರಿ. ಆದರೆ ನಾವು ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ. ದನಿ ಹುಟ್ಟುವುದು ಶ್ವಾಸನಾಳದ ಬಾಯಲ್ಲಿರುವ ಎರಡು ಮಡಿಕೆಗಳಲ್ಲಿ. ಕಷಾಯವಾಗಲಿ, ಜೇನಾಗಲಿ ಅವನ್ನು ಮುಟ್ಟುವುದೇ ಇಲ್ಲ. ಹೆಂಗಸರು ಸಾಮಾನ್ಯವಾಗಿ ಮಾತಾಡುವಾಗ ಆ ಮಡಿಕೆಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ತಾಗುತ್ತವೆ. ತಾರಸ್ಥಾಯಿಯಲ್ಲಿ ಹಾಡಿದರೆ ಅದರ ಎರಡು, ಮೂರು ಪಟ್ಟು. ದಿನವೂ ಜೋರಾಗಿ ಹಾಡಿ, ಮಧ್ಯೆ ಬಿಡುವೇ ಕೊಡದಿದ್ದರೆ ಅಲ್ಲಿ ಊತ ಬರಬಹುದು, ಸಣ್ಣ ಗಂಟು ಕಟ್ಟಬಹುದು. ಆಗ ಮಡಿಕೆಗಳು ಪೂರ್ತಿ ಕೂಡುವುದಿಲ್ಲ, ಸಂದಿಯಿಂದ ಗಾಳಿ ಸೋರುತ್ತದೆ. ನಿಮ್ಮದೂ ಅದೇ ಅಂತ ಪತ್ರ ಓದಿ ನಾನು ಹೇಳಲಾರೆ. ಸಣ್ಣ ಕ್ಯಾಮೆರಾ ಬಿಟ್ಟು ನೋಡಿದವರೇ ಹೇಳಬೇಕು. ಅಂಥ ಗಂಟೇ ಆಗಿದ್ದರೂ ಬಹಳಷ್ಟು ಜನರಿಗೆ ಆಪರೇಷನ್ ಬೇಕಾಗುವುದಿಲ್ಲ. ದನಿಗೆ ವಿಶ್ರಾಂತಿ, ಉಸಿರು ಮತ್ತು ದನಿ ಬಳಸುವ ಹೊಸ ಅಭ್ಯಾಸ, ಕೆಲವು ವಾರಗಳ ಚಿಕಿತ್ಸೆ, ಇಷ್ಟರಲ್ಲೇ ಸುಧಾರಿಸುತ್ತದೆ.

ಡಾಕ್ಟರ ಮುಂದೆ ತಿರುಗಾಟದ ದಿನಚರಿಯನ್ನೂ ಹೇಳಿ. ರಾತ್ರಿ ನಾಟಕ ಮುಗಿಸಿ, ಬಣ್ಣ ತೆಗೆದು, ರಂಗಸಜ್ಜಿಕೆ ಬಿಚ್ಚಿ ಲಾರಿಗೆ ಹಾಕಿ, ಹನ್ನೊಂದೂವರೆಗೆ ಊಟ, ಹನ್ನೆರಡಕ್ಕೆ ಮಲಗುವುದು. ಹೀಗೆ ಹೊಟ್ಟೆ ತುಂಬಿಸಿ ತಕ್ಷಣ ಮಲಗಿದರೆ ಹೊಟ್ಟೆಯ ಹುಳಿ ಮೇಲೆ ಬಂದು ಗಂಟಲನ್ನು ಕೆರಳಿಸುತ್ತದೆ. ಬೆಳಿಗ್ಗೆ ಎದ್ದಾಗ ದನಿ ಭಾರ, ಪದೇ ಪದೇ ಗಂಟಲು ಸರಿಮಾಡಿಕೊಳ್ಳುವುದು, ಇವೆಲ್ಲ ಅದರ ಗುರುತಾಗಿರಬಹುದು. ನಾಟಕದ ದಿನ ಸಂಜೆ ಐದಕ್ಕೇ ಗಟ್ಟಿ ಊಟ ಮಾಡಿ, ರಾತ್ರಿ ಸ್ವಲ್ಪವೇ ತಿನ್ನುವುದು ರೂಢಿ ಮಾಡಿಕೊಳ್ಳಿ. ದನಿ ಉಳಿಸಬೇಕು ಅಂತ ಪಿಸುಗುಟ್ಟಲೂ ಬೇಡಿ. ಬಲವಂತವಾಗಿ ಪಿಸುಗುಟ್ಟುವುದೂ ಗಂಟಲಿಗೆ ಶ್ರಮವೇ. ನೋವಿನ ಮಾತ್ರೆ ನುಂಗಿ ವೇದಿಕೆ ಹತ್ತುವ ಅಭ್ಯಾಸ ಕೆಲವು ತಂಡಗಳಲ್ಲಿದೆ. ನೋವು ಗೊತ್ತಾಗದೆ ಇನ್ನಷ್ಟು ಕಿರುಚಿ ಪೆಟ್ಟು ಮಾಡಿಕೊಳ್ಳುತ್ತಾರೆ. ದಯವಿಟ್ಟು ಅದನ್ನು ಮಾಡಬೇಡಿ.

ಇನ್ನು ನಿರ್ದೇಶಕರಿಗೆ ಹೇಳುವ ವಿಷಯ. ನಮ್ಮ ಕೊಡಗಿನಲ್ಲಿ ಹಾಕಿ ಆಡುವ ಹುಡುಗನ ಮಂಡಿಗೆ ಪೆಟ್ಟಾದರೆ ಬೆಂಚಿನ ಮೇಲೆ ಕೂತವನನ್ನು ಇಳಿಸುತ್ತಾರೆ, ಯಾರೂ ಅವನ ಯೋಗ್ಯತೆ ಬಗ್ಗೆ ಮಾತಾಡುವುದಿಲ್ಲ. ಹಾಡುವವರ ಗಂಟಲಿಗೆ ಮಾತ್ರ ಈ ಮರ್ಯಾದೆ ಇಲ್ಲ. ದನಿ ಹೋಯಿತು ಅಂದರೆ ಆಕೆಯೇ ಮುಗಿದಳು ಅನ್ನುವ ಹಾಗೆ ಮಾತಾಡುತ್ತಾರೆ. ನೀವು ಮುಚ್ಚಿಟ್ಟಿರುವುದು ಇದಕ್ಕೇ ಅಂತ ನನಗೆ ಅರ್ಥವಾಗುತ್ತದೆ. ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಸಂಗೀತ ನಾಟಕದವರು ಸಾಮಾನ್ಯವಾಗಿ ವಾರಕ್ಕೆ ಎಂಟು ಪ್ರದರ್ಶನ ಕೊಡುತ್ತಾರೆ. ಅಷ್ಟು ಹಾಡಿದರೆ ಯಾರ ಗಂಟಲೂ ಒಂದಲ್ಲ ಒಂದು ದಿನ ಕೈಕೊಡುತ್ತದೆ ಅನ್ನುವುದು ಅಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೇ ಮುಖ್ಯ ಪಾತ್ರಗಳಿಗೆ ಬದಲಿ ನಟರು ಮೊದಲೇ ತಯಾರಿರುತ್ತಾರೆ. ಮೇಳದಲ್ಲಿ ಹಾಡಿ ಕುಣಿಯುವವರ ಪೈಕಿ ಯಾರು ತಪ್ಪಿದರೂ ಆ ಜಾಗಕ್ಕೆ ಇಳಿಯುವುದನ್ನೇ ಕೆಲಸ ಮಾಡಿಕೊಂಡವರೂ ಇರುತ್ತಾರೆ. ನಮ್ಮ ಸಣ್ಣ ತಂಡಗಳಲ್ಲಿ ಹದಿನೈದು ಜನವೇ ಎಲ್ಲ. ನಟಿಸುವವರೇ ಲೈಟು ಕಟ್ಟಬೇಕು, ಅವರೇ ಮೇಳದಲ್ಲಿ ಹಾಡಬೇಕು. ಅಷ್ಟು ಜನರನ್ನು ಇಟ್ಟುಕೊಳ್ಳಲು ದುಡ್ಡಿಲ್ಲ, ನಿಜ. ಆದರೆ ತಂಡದಲ್ಲಿರುವ ಇನ್ನೊಬ್ಬ ಹುಡುಗಿಗೆ ಆ ಒಂಬತ್ತು ಹಾಡು ಕಲಿಸಿಡಲು ದುಡ್ಡು ಬೇಕಿಲ್ಲ.

ತಾಲೀಮಿಗೆ ಮೊದಲೇ ಗೊತ್ತಾದರೆ ನಿರ್ದೇಶಕರ ಕೈಯಲ್ಲಿ ಎಷ್ಟೋ ದಾರಿಗಳಿವೆ. ಶ್ರುತಿ ಇಳಿಸಬಹುದು. ಎರಡು ಹಾಡು ಮೇಳಕ್ಕೆ ಕೊಡಬಹುದು. ಒಂದನ್ನು ಮಾತಾಗಿ ಮಾಡಬಹುದು. ತಾಲೀಮಿನಲ್ಲಿ ದಿನಾ ಪೂರ್ತಿ ದನಿಯಲ್ಲಿ ಹಾಡದೆ ಗುನುಗಿದರೆ ಸಾಕು ಅನ್ನಬಹುದು. ಟಿಕೆಟ್ ಮಾರಿ, ಊರಿನವರು ಬಂದು ಕೂತ ಮೇಲೆ ಗೊತ್ತಾದರೆ ಅವರಿಗೆ ಯಾವ ದಾರಿಯೂ ಇಲ್ಲ. ಪಾತ್ರ ಕೈತಪ್ಪಬಹುದು, ಆ ಸಾಧ್ಯತೆ ಇದ್ದೇ ಇದೆ. ಆದರೂ ಹೇಳಿ. ಒಂದು ವರ್ಷದ ಪಾತ್ರಕ್ಕಾಗಿ ಮೂವತ್ತು ವರ್ಷ ಹಾಡಬೇಕಾದ ಗಂಟಲನ್ನು ಪಣಕ್ಕಿಡುವುದನ್ನು ನಾನು ಒಪ್ಪಲಾರೆ.

ಮೂವತ್ತು ವರ್ಷ ಅಂದಾಗ ನಿಮ್ಮ ಅಪ್ಪನ ಪ್ರಶ್ನೆ ಬರುತ್ತದೆ. 'ನಲವತ್ತಾದ ಮೇಲೆ ಯಾರು ಕರೀತಾರೆ?' ಕಟುವಾಗಿ ಕೇಳಿರಬಹುದು, ಆದರೆ ಸರಿಯಾದ ಪ್ರಶ್ನೆ. ಕೋಪ ಮಾಡಿಕೊಳ್ಳಬೇಡಿ.

ನಮ್ಮ ರಂಗಭೂಮಿಯಲ್ಲಿ ದೀರ್ಘಕಾಲ ಉಳಿದವರನ್ನು ನೋಡಿ. ಏಣಗಿ ಬಾಳಪ್ಪನವರು 1914ರಲ್ಲಿ ಹುಟ್ಟಿದವರು, 2017ರವರೆಗೆ ಬದುಕಿದ್ದರು. ಹುಡುಗನಾಗಿದ್ದಾಗ ಹೆಣ್ಣು ಪಾತ್ರಗಳಲ್ಲಿ ಹಾಡಿ ಹೆಸರು ಮಾಡಿದರು. ವಯಸ್ಸು ಬಂದಂತೆ ಗಂಡು ಪಾತ್ರಗಳಿಗೆ ಬಂದರು, ತಮ್ಮದೇ ಕಂಪನಿ ಕಟ್ಟಿದರು. ಆರ್. ನಾಗರತ್ನಮ್ಮನವರು 1958ರಲ್ಲಿ ಹೆಂಗಸರದೇ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಕಂಸನಂಥ ಪಾತ್ರಗಳನ್ನು ತಾವೇ ಮಾಡಿದರು. ಹಾಗಾಗಿ ನಾಯಕಿಯ ಪಾತ್ರಕ್ಕೆ ಯಾರಾದರೂ ಕರೆಯಲಿ ಅಂತ ಅವರು ಕಾಯಬೇಕಾಗಲಿಲ್ಲ. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಹಾಡಿದರು, ನಟಿಸಿದರು, ನಿರ್ದೇಶಿಸಿದರು, ಸ್ಪಂದನ ತಂಡ ನಡೆಸಿದರು. ಬಿ.ವಿ. ಕಾರಂತರು ಚಿಕ್ಕಂದಿನಲ್ಲೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದವರು. ಅಲ್ಲಿ ಕಿವಿಗೆ ಬಿದ್ದ ಸಂಗೀತದ ಬಲದಿಂದ ಕನ್ನಡ ರಂಗಸಂಗೀತದ ದಾರಿಯನ್ನೇ ಬದಲಿಸಿದರು. 1989ರಲ್ಲಿ ಮೈಸೂರಿನ ರಂಗಾಯಣ ಶುರುವಾದಾಗ ಅದರ ಮೊದಲ ನಿರ್ದೇಶಕರೂ ಅವರೇ. ಇವರೆಲ್ಲ ದೊಡ್ಡವರು, ನಾವು ಅವರಾಗಬೇಕಿಲ್ಲ. ಆದರೆ ಗಮನಿಸಿ, ಇವರಲ್ಲಿ ಯಾರೂ ಬರೀ ಹಾಡುವ ಗಂಟಲು ಒಂದನ್ನೇ ನಂಬಿ ಕೂರಲಿಲ್ಲ.

ನಮ್ಮ ಜಿಲ್ಲೆಗೂ ಹಾಡುಗಳಿರುವ ನಾಟಕ ಹೊಸದಲ್ಲ. ಹರದಾಸ ಅಪ್ಪಚ್ಚಕವಿ ಕಳೆದ ಶತಮಾನದ ಆರಂಭದಲ್ಲೇ ಕೊಡವ ಭಾಷೆಯಲ್ಲಿ ಹಾಡುಗಳಿಂದ ತುಂಬಿದ ನಾಟಕಗಳನ್ನು ಬರೆದು ಆಡಿಸಿದರು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ತೋಟದ ಮನೆಯ ಹುಡುಗಿಗೆ ನಾಟಕ ಹೊರಗಿನದು ಅನ್ನುವ ಮಾತು ನಿಮ್ಮ ಮನೆಯಲ್ಲಿ ಬಂದರೆ ನೀವು ತಲೆ ತಗ್ಗಿಸಬೇಕಾಗಿಲ್ಲ.

ಈ ನಾಲ್ಕು ವರ್ಷದಲ್ಲಿ ಹಾಡು, ನಟನೆ ಬಿಟ್ಟು ಇನ್ನೇನು ಕಲಿತಿರಿ? ಹಾರ್ಮೋನಿಯಂ ಹಿಡಿದು ಮೇಳಕ್ಕೆ ಹಾಡು ಕೂರಿಸಲು ಬರುತ್ತದಾ? ಮಕ್ಕಳ ಶಿಬಿರ ನಡೆಸಲು? ಆಕಾಶವಾಣಿಯಲ್ಲಿ ನಾಟಕ ಕಲಾವಿದರಿಗೆ ಆಡಿಷನ್ ಮಾಡಿ ಗ್ರೇಡ್ ಕೊಡುತ್ತಾರೆ, ಮಡಿಕೇರಿಯಲ್ಲೇ ಕೇಂದ್ರ ಇದೆ, ಹೋಗಿ ವಿಚಾರಿಸಿದ್ದೀರಾ? ತಿರುಗಾಟ ಇಲ್ಲದ ತಿಂಗಳುಗಳಲ್ಲಿ ನಿಮ್ಮ ಕೈಗೆ ಎಷ್ಟು ಬಂತು, ಯಾವುದರಿಂದ ಬಂತು? ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕೂ ವರ್ಷದ ಲೆಕ್ಕ ಬರೆಯಿರಿ. ತಂಡದ ಗೌರವಧನ ಎಷ್ಟು, ಕಾಯಿಲೆ ಬಿದ್ದರೆ ಯಾರು ನೋಡಿಕೊಳ್ಳುತ್ತಾರೆ, ಅದು ಎಲ್ಲಾದರೂ ಬರಹದಲ್ಲಿದೆಯಾ, ಎಲ್ಲವನ್ನೂ ಸೇರಿಸಿ. ನಮ್ಮ ಬಹಳಷ್ಟು ಕಲಾವಿದರು ಇದನ್ನು ಕೇಳಲು ನಾಚಿಕೊಳ್ಳುತ್ತಾರೆ. ಕಲೆಯ ಮುಂದೆ ದುಡ್ಡಿನ ಮಾತು ಯಾಕೆ ಅಂತ ಸುಮ್ನಿರುತ್ತಾರೆ. ಐವತ್ತಾದಾಗ ಔಷಧಿಗೆ ಇನ್ನೊಬ್ಬರ ಮುಂದೆ ಕೈಚಾಚುತ್ತಾರೆ. ನನಗೆ ಇದು ನಿಜವಾಗಿ ನೋವು ಕೊಡುವ ವಿಷಯ. ಅಪ್ಪ ವರ್ಷವರ್ಷವೂ ಕಾಫಿಗೆ ಏನು ಬಂತು, ಗೊಬ್ಬರಕ್ಕೆ ಕೂಲಿಗೆ ಏನು ಹೋಯಿತು ಅಂತ ಬರೆದಿಡುವವರೇ ಇರಬೇಕು. ಅವರಿಗೆ ಭಾಷಣಕ್ಕಿಂತ ಲೆಕ್ಕ ಬೇಗ ಅರ್ಥವಾಗುತ್ತದೆ. ನೋಟ್‌ಬುಕ್ಕನ್ನು ಅವರ ಮುಂದಿಟ್ಟು, ಕೂತು ಮಾತಾಡಿ.

ಶಾಲೆಯ ಕೆಲಸ ಗಂಟಲಿಗೆ ವಿಶ್ರಾಂತಿ ಅಂತ ನೀವು ಅಂದುಕೊಂಡಿದ್ದರೆ ಅದು ತಪ್ಪು. ದನಿ ಹಾಳು ಮಾಡಿಕೊಳ್ಳುವವರಲ್ಲಿ ಶಿಕ್ಷಕರದು ದೊಡ್ಡ ಪಾಲು. ಜುಲೈ ತಿಂಗಳ ಮಡಿಕೇರಿಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಶೀಟಿನ ಮಾಡಿನ ಮೇಲೆ ಮಳೆ ಸುರಿಯುತ್ತಿರುತ್ತದೆ. ಒಳಗೆ ನಲವತ್ತು ಮಕ್ಕಳಿಗೆ ಹಾಡು ಹೇಳಿಕೊಡಬೇಕು, ದಿನಕ್ಕೆ ಐದಾರು ಪಿರಿಯಡ್. ಒಡೆದ ಗಂಟಲಿನಲ್ಲಿ ಅಲ್ಲಿಗೆ ಹೋದರೆ ತಿರುಗಾಟಕ್ಕಿಂತ ಜಾಸ್ತಿ ಕೆಡುತ್ತದೆ. ಶಾಲೆಗೆ ಹೋಗಲೇಬೇಡಿ ಅನ್ನುತ್ತಿಲ್ಲ. ಮಕ್ಕಳಿಗೆ ನಾಟಕ ಕಲಿಸುವುದು ಯಾವ ಪಾತ್ರಕ್ಕಿಂತಲೂ ಕಡಿಮೆಯಲ್ಲ. ಅಲ್ಲಿಗೂ ಸರಿಯಿರುವ ದನಿಯೇ ಬೇಕು ಅನ್ನುತ್ತಿದ್ದೇನೆ. ನೀವು ನಾಟಕಕ್ಕೇ ಹೋಗಿ, ಶಾಲೆಗೇ ಹೋಗಿ, ಮೊದಲು ಹೋಗಬೇಕಾದದ್ದು ಮೈಸೂರಿಗೆ.

ಮನೆಯಲ್ಲಿ ನಿಮ್ಮ ಸಹಾಯ ಬೇಕಿರುವುದೂ ನಿಜ. ಆದರೆ ತೋಟಕ್ಕೆ ನೀವು ವರ್ಷವಿಡೀ ಬೇಕಾ, ಇಲ್ಲ ಕೊಯ್ಲಿನ ಹೊತ್ತಿಗೆ ಬೇಕಾ? ಡಿಸೆಂಬರಿನಿಂದ ಹಣ್ಣು ಕೊಯ್ಯುವಾಗ, ಕಣದಲ್ಲಿ ಒಣಗಿಸುವಾಗ ನಿಂತು ನೋಡಲು ಜನ ಬೇಕು. ನಿಮ್ಮ ತಿರುಗಾಟವೂ ಬಹುಶಃ ಅದೇ ತಿಂಗಳುಗಳಲ್ಲಿ. ಇದೇ ನಿಜವಾದ ಗಂಟು. ಇದನ್ನು ಅಣ್ಣನನ್ನೂ ಕೂರಿಸಿಕೊಂಡು ಮಾತಾಡಬೇಕು. ಅವನು ಬೆಂಗಳೂರಿನಲ್ಲಿದ್ದಾನೆ ಅನ್ನುವುದು ಅವನಿಗೆ ರಿಯಾಯಿತಿ, ನೀವು ತಿರುಗಾಟದಲ್ಲಿದ್ದೀರಿ ಅನ್ನುವುದು ನಿಮಗೆ ತಪ್ಪು ಅಂತ ಆಗಬಾರದು. ಕೊಯ್ಲಿಗೆ ಅವನು ಎರಡು ವಾರ ರಜೆ ಹಾಕಲಿ. ಹುತ್ತರಿ ಹೊತ್ತಿಗೆ ನೀವು ನಾಲ್ಕು ದಿನ ಬನ್ನಿ. ಮಳೆಗಾಲದ ಕೆಲಸದಲ್ಲಿ ನಿಮ್ಮ ಪಾಲೆಷ್ಟು ಅಂತ ಮೊದಲೇ ಹೇಳಿಬಿಡಿ.

ಸಂಬಂಧದವರ ಪ್ರಶ್ನೆಗೆ 'ಬಿಡುತ್ತೇನೆ' ಅಂತ ಮಾತು ಕೊಡಬೇಡಿ, ಅಪ್ಪ ಅಮ್ಮನೂ ನಿಮ್ಮ ಪರವಾಗಿ ಕೊಡದಿರಲಿ. ಆ ಹುಡುಗ ನಿಮ್ಮ ಒಂದು ನಾಟಕ ನೋಡಿದ್ದಾನಾ? ಇಲ್ಲದಿದ್ದರೆ ಮೊದಲು ನೋಡಲಿ. ಆಮೇಲೆ ಅವನೇ ನೇರವಾಗಿ ನಿಮ್ಮನ್ನು ಕೇಳಲಿ.

ಈಗ ಮಾಡಬೇಕಾದದ್ದು ಇಷ್ಟು. ಶಾಲೆಯವರಿಗೆ ಫೋನ್ ಮಾಡಿ, 'ಆರೋಗ್ಯ ತಪಾಸಣೆ ಇದೆ, ಎರಡು ವಾರ ಸಮಯ ಕೊಡಿ' ಅಂತ ಕೇಳಿ. ಒಳ್ಳೆಯ ಶಾಲೆಯಾದರೆ ಕಾಯುತ್ತದೆ. ಮೈಸೂರಿಗೆ ಹೋಗುವಾಗ ಅಪ್ಪನನ್ನೇ ಕರೆದುಕೊಂಡು ಹೋಗಿ. ಡಾಕ್ಟರು ಪರದೆಯ ಮೇಲೆ ನಿಮ್ಮ ಗಂಟಲು ತೋರಿಸಿ ವಿವರಿಸುವಾಗ ಅವರೂ ಕೇಳಿಸಿಕೊಳ್ಳಲಿ. ನಿಮ್ಮ ಕೆಲಸದಲ್ಲಿ ಎಷ್ಟು ದುಡಿಮೆ ಇದೆ ಅಂತ ಅವರಿಗೆ ಯಾರೂ ಇದುವರೆಗೆ ತೋರಿಸಿಲ್ಲ. ವರದಿ ಕೈಗೆ ಬಂದ ದಿನವೇ ನಿರ್ದೇಶಕರಿಗೆ ಹೇಳಿ, ಫೋನಿನಲ್ಲಿ ಬೇಡ, ಎದುರು ಕೂತು ಹೇಳಿ. ಅದಾದ ಮೇಲೆ ಶಾಲೆಯೋ ತಿರುಗಾಟವೋ ಅಂತ ಯೋಚಿಸಿ, ನನಗೆ ಇನ್ನೊಂದು ಪತ್ರ ಬರೆಯಿರಿ. ಡಾಕ್ಟರು ಏನಂದರು ಅನ್ನುವುದನ್ನು ಮಾತ್ರ ಈ ಸಲ ಮೊದಲನೇ ಸಾಲಿನಲ್ಲೇ ಬರೆಯಿರಿ.